ಅಕ್ಷರ ತಿದ್ದುವ ಗಿಫ್‌ಗಳನ್ನು ವೆಬ್‌ಪಿ ಮಾಡಿದರೆ ಒಂದೇ ಸಲ ಓಡಿ ನಿಂತುಬಿಡುತ್ತವೆ – 49 ಫೈಲ್ ಇವೆ, ದಾರಿ ಹೇಳಿ

ಬಳಪದ ಟೀಚರ್ · ಶನಿವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ಕಡೆಯ ಹಳ್ಳಿ ಶಾಲೆ, ನನಗೆ ನಲಿಕಲಿ ಮಕ್ಕಳು. ಬೇಸಿಗೆ ರಜೆಯಲ್ಲಿ ಕೂತು ಕ್ರಿಟಾ ಅನ್ನೋ ಚಿತ್ರ ಬರೆಯೋ ತಂತ್ರಾಂಶದಲ್ಲಿ 49 ಅಕ್ಷರಕ್ಕೂ ಒಂದೊಂದು ಅನಿಮೇಷನ್ ಮಾಡಿದೆ. ಬಳಪ ಎಲ್ಲಿಂದ ಶುರು ಆಗಬೇಕು, ಯಾವ ಕಡೆ ಸುತ್ತಬೇಕು ಅಂತ ಒಂದು ಕೆಂಪು ಗೆರೆ ತಾನೇ ಬರ್ಕೊಂಡು ಹೋಗುತ್ತೆ. ಅಳತೆ 512ಕ್ಕೆ 512, ಸೆಕೆಂಡಿಗೆ 25 ಫ್ರೇಮ್, ಹಿನ್ನೆಲೆ ಪಾರದರ್ಶಕ. ಎಲ್ಲವನ್ನೂ ಗಿಫ್ ಮಾಡಿಟ್ಟಿದ್ದೀನಿ.

ಈಗ ನೋಡಿದರೆ ಫೈಲ್‌ಗಳು ಭಾರ. ಜೊತೆಗೆ ಪ್ರೊಜೆಕ್ಟರ್‌ನಲ್ಲಿ ಬೋರ್ಡಿನ ಹಸಿರು ಬಣ್ಣದ ಪುಟದ ಮೇಲೆ ಹಾಕಿದರೆ ಅಕ್ಷರದ ಸುತ್ತ ಬಿಳಿ ಅಂಚು, ಸುಣ್ಣ ಉದುರಿದ ಹಾಗೆ. ವೆಬ್‌ಪಿ ಅನ್ನೋ ಇನ್ನೊಂದು ಬಗೆಯ ಚಿತ್ರದ ಫೈಲ್ ಮಾಡಿದರೆ ಎರಡೂ ಸರಿಹೋಗುತ್ತೆ ಅಂತ ಯಾರೋ ಹೇಳಿದರು. ಎಫ್‌ಎಫ್‌ಎಂಪೆಗ್ ಅಂತ ವಿಡಿಯೋ, ಚಿತ್ರಗಳ ಫಾರ್ಮ್ಯಾಟ್ ಬದಲಿಸೋ ಟೂಲಿನಲ್ಲಿ ಮೈನಸ್ ಐ, ಗಿಫ್ ಹೆಸರು, ವೆಬ್‌ಪಿ ಹೆಸರು ಅಂತ ಕೊಟ್ಟೆ. ಫೈಲ್ ಬಂತು. ಆದರೆ 'ಅ' ಒಂದು ಸಲ ಬರೆದು ನಿಂತುಬಿಡುತ್ತೆ. ಬಿಳಿ ಅಂಚು ಹಾಗೇ ಇದೆ. ಕೆಂಪು ಗೆರೆ ಬೇರೆ ನೀರಲ್ಲಿ ನೆಂದ ಹಾಗೆ ಕದಡಿದೆ.

ನಾನು ಕಂಪ್ಯೂಟರ್ ಓದಿದವಳಲ್ಲ. ದಯವಿಟ್ಟು ನಿಧಾನಕ್ಕೆ ಹೇಳಿ.

ಟರ್ಮಿನಲ್ ತಿಮ್ಮ · 9:20

ಮೈನಸ್ ಲೂಪ್ ಸೊನ್ನೆ ಹಾಕಿ, ಮೇಡಂ. ಮುಗೀತು.

ಗಿರಮಿಟ್ · 9:24

ತಿಮ್ಮಣ್ಣ, 'ಮುಗೀತು' ಅಂದ್ರ ಹೆಂಗ್ರೀ? ಮೂರು ತೊಂದ್ರಿ ಹೇಳ್ಯಾರ, ಒಂದಕ್ಕ ಉತ್ತರ ಕೊಟ್ಟು ಹೊಂಟ್ರಲ್ಲ.

ಟೀಚರ್, ಲೂಪ್ ಅಂದ್ರ ಎಷ್ಟು ಸಲ ಸುತ್ತಬೇಕು ಅನ್ನೂದು, ಅದರ ಕಥಿ ಹಿಂಗೈತಿ ನೋಡ್ರಿ. ಎಫ್‌ಎಫ್‌ಎಂಪೆಗ್‌ನ್ಯಾಗ ಒಂದೊಂದು ಫಾರ್ಮ್ಯಾಟಿಗೆ ಒಂದೊಂದು ರೂಢಿ. ಗಿಫ್ ಮಾಡಿದ್ರ ಏನೂ ಹೇಳದಿದ್ರೂ ಅದು ಸುತ್ತತಾನ ಇರತೈತಿ. ವೆಬ್‌ಪಿ ಮಾಡಿದ್ರ, ನೀವು ಹೇಳದಿದ್ರ ಒಂದ ಸಲ. ಎಪಿಎನ್‌ಜಿಗೂ (ಓಡೂ ಪಿಎನ್‌ಜಿ ಚಿತ್ರ) ಒಂದ ಸಲ, ಮತ್ತ ಅಲ್ಲಿ ಆಯ್ಕೆ ಹೆಸರ ಬ್ಯಾರೆ: ಲೂಪ್ ಅಲ್ಲ, ಪ್ಲೇಸ್. ಗಿಫ್ಫಿನೊಳಗ ಬರದ ಲೂಪ್ ಸಂಖ್ಯೆ ತಾನಾಗೇ ವೆಬ್‌ಪಿಗೆ ಹೋಗತೈತಿ ಅಂತ ನಂಬಬ್ಯಾಡ್ರಿ. ಹೌದು, ಸೊನ್ನೆ ಅಂದ್ರ ಮುಗಿಯೂದಿಲ್ಲ ಅಂತ ಅರ್ಥ. ಮತ್ತ ಅದನ್ನ ಮೈನಸ್ ಐಗಿಂತ ಮೊದಲ ಹಾಕಬ್ಯಾಡ್ರಿ, ಒಳಗ ಬರೂ ಫೈಲಿನ ಹೆಸರು ಆದಮ್ಯಾಲ, ಔಟ್‌ಪುಟ್ ಹೆಸರಿಗಿಂತ ಮೊದಲ ಹಾಕ್ರಿ. ಮೈನಸ್ ಐಗಿಂತ ಮೊದಲ ಹಾಕಿದ್ರ ಅದು ಒಳಗ ಬರೂ ಫೈಲಿನ ಆಯ್ಕೆ ಆಗತೈತಿ.

ಗೋಳಿಬಜೆ · 9:31

ಗಿಫ್ಫಿಂದ ವೆಬ್‌ಪಿ ಮಾಡ್ಲಿಕ್ಕೆ ಎಫ್‌ಎಫ್‌ಎಂಪೆಗ್ ಯಾಕೆ ಮಾರಾಯ್ರೆ? ಅದಕ್ಕೇ ಅಂತ ಒಂದು ಟೂಲ್ ಉಂಟಲ್ಲ, ಗಿಫ್2ವೆಬ್‌ಪಿ. ಲಿಬ್‌ವೆಬ್‌ಪಿ ಅನ್ನುವ ವೆಬ್‌ಪಿ ಟೂಲುಗಳ ಕಟ್ಟಿನ ಜೊತೆಗೇ ಬರ್ತದೆ. ಲೂಪ್, ಒಂದೊಂದು ಫ್ರೇಮಿನ ಸಮಯ, ಎಲ್ಲ ಇದ್ದ ಹಾಗೇ ತಗೊಳ್ತದೆ. ಏನೂ ಹೇಳದಿದ್ರೆ ಲಾಸ್‌ಲೆಸ್, ಅಂದ್ರೆ ಚಿತ್ರದ ಯಾವ ವಿವರವೂ ಹೋಗದ ಹಾಗೆ ಮಾಡ್ತದೆ, ಹಾಗಾಗಿ ಟೀಚರ್ ಹೇಳಿದ ಆ ಕೆಂಪು ಕದಡುವ ರಗಳೆಯೂ ಇಲ್ಲ.

ಕದಡಿದ್ದು ಯಾಕೆ ಅಂದ್ರೆ ಎಫ್‌ಎಫ್‌ಎಂಪೆಗ್ ಸುಮ್ನೆ ಬಿಟ್ರೆ ಲಾಸಿ, ಅಂದ್ರೆ ಸ್ವಲ್ಪ ವಿವರ ಬಿಟ್ಟು ಸಣ್ಣ ಮಾಡಿದ ವೆಬ್‌ಪಿ ಮಾಡ್ತದೆ, ಗುಣಮಟ್ಟ 75. ಲಾಸಿ ವೆಬ್‌ಪಿಯಲ್ಲಿ ಬಣ್ಣದ ವಿವರ ಉದ್ದಕ್ಕೂ ಅಡ್ಡಕ್ಕೂ ಅರ್ಧಕ್ಕಿಳೀತದೆ. ಫೋಟೋದಲ್ಲಿ ಗೊತ್ತೇ ಆಗುದಿಲ್ಲ. ಕೆಂಪು ಗೆರೆಯಲ್ಲಿ ಎದ್ದು ಕಾಣ್ತದೆ.

ಟರ್ಮಿನಲ್ ತಿಮ್ಮ · 9:33

ಒಂದು ಕೆಲಸಕ್ಕೆ ಒಂದು ಟೂಲ್ ಅಂತ ಹೊರಟರೆ ಮನೆ ತುಂಬ ಪಾತ್ರೆ ಆಗುತ್ತೆ. ಎಫ್‌ಎಫ್‌ಎಂಪೆಗ್ ಒಂದಿದ್ದರೆ ಸಾಕು. ಲಾಸ್‌ಲೆಸ್ 1 ಅಂತ ಕೊಟ್ಟರೆ ಅದೂ ಹಾಗೇ ಮಾಡುತ್ತೆ.

ಗೋಳಿಬಜೆ · 9:35

ಹೌದು, ದೋಸೆ ಕಾವಲಿಯಲ್ಲಿ ಇಡ್ಲಿಯೂ ಬೇಯಿಸಿ.

ಕಬ್ಬಿನ ಗದ್ದೆ · 9:47

ನಾನು ಇಮೇಜ್‌ಮ್ಯಾಜಿಕ್ ಅನ್ನೋ ಚಿತ್ರ ಬದಲಿಸೋ ಟೂಲ್ ಕಡೆಯೋನು. ಕನ್ವರ್ಟ್ ಅಂತ ಬರ್ದು, ಈ ಫೈಲು ಆ ಫೈಲು ಅಂದ್ರೆ ಆಯ್ತು. ಅದಕ್ಕಿಂತ ಸಲೀಸು ಇನ್ಯಾವ್ದೈತೆ?

ಬಳಪದ ಟೀಚರ್ · 9:55

ಕನ್ವರ್ಟ್ ಅಂತ ಹೊಡೆದೆ. 'ಇನ್‌ವ್ಯಾಲಿಡ್ ಪ್ಯಾರಾಮೀಟರ್' ಅಂತು.

ಗಿರಮಿಟ್ · 9:58

ಶಾಲಿ ಕಂಪ್ಯೂಟರ್ ವಿಂಡೋಸ್ ಏನ್ರೀ? ಹಂಗಿದ್ರ ನಿಲ್ಲಿಸ್ರಿ, ನಿಲ್ಲಿಸ್ರಿ! ವಿಂಡೋಸ್‌ನ್ಯಾಗ ಮೊದಲಿಂದಾನ ಕನ್ವರ್ಟ್ ಅಂತ ಒಂದು ಕಮಾಂಡ್ ಐತಿ, ಅದಕ್ಕೂ ಚಿತ್ರಕ್ಕೂ ಸಂಬಂಧ ಇಲ್ಲ. ಡಿಸ್ಕಿನ್ಯಾಗ ಫೈಲ್ ಜೋಡಿಸಿಡೂ ಪದ್ಧತಿನ ಫ್ಯಾಟ್‌ನಿಂದ ಎನ್‌ಟಿಎಫ್‌ಎಸ್‌ಗೆ ಬದಲಿ ಮಾಡೂದು ಅದು. ಇಮೇಜ್‌ಮ್ಯಾಜಿಕ್ 7 ಬಂದಮ್ಯಾಲ ಕಮಾಂಡ್ ಹೆಸರು ಮ್ಯಾಜಿಕ್. ಅದನ್ನ ಬಳಸ್ರಿ.

ಬಳಪದ ಟೀಚರ್ · 9:59

ಅಯ್ಯೋ ದೇವರೇ. ಡಿಸ್ಕ್ ಏನೂ ಆಗಿಲ್ಲ ತಾನೇ? ಅದರಲ್ಲಿ ಬಿಸಿಯೂಟದ ಲೆಕ್ಕ ಎಲ್ಲ ಇದೆ.

ಗಿರಮಿಟ್ · 10:01

ಏನೂ ಆಗಿಲ್ಲ ಬಿಡ್ರಿ. ಡ್ರೈವ್ ಹೆಸರು ಕೊಡದ ಅದು ಏನೂ ಮಾಡೂದಿಲ್ಲ.

ಮಂಜಿನ ಊರವ · 10:15

ಟೊರಾಂಟೊದಿಂದ. ಇಲ್ಲಿ ಭಾನುವಾರ ಕನ್ನಡ ಪಾಠ ಮಾಡುವ ಪೋಷಕರ ಗುಂಪಿನಲ್ಲಿ ನಾನೂ ಒಬ್ಬ. ಹೋದ ವರ್ಷ ಇಂಥದ್ದೇ ಕೆಲಸಕ್ಕೆ ಕೈ ಹಾಕಿ ಇಮೇಜ್‌ಮ್ಯಾಜಿಕ್‌ನಲ್ಲಿ ಪೆಟ್ಟು ತಿಂದಿದ್ದೇನೆ, ಅದನ್ನು ಹೇಳಿಬಿಡುತ್ತೇನೆ.

ಗಿಫ್ ಒಳಗಿನ ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿರಬೇಕೆಂದಿಲ್ಲ. ಹಿಂದಿನ ಫ್ರೇಮಿಗಿಂತ ಎಷ್ಟು ಬದಲಾಯಿತೋ ಅಷ್ಟು ಚೂರು ಮಾತ್ರ ಇಟ್ಟಿರುತ್ತಾರೆ, ಗಾತ್ರ ಉಳಿಸಲು. ನಾನು ಅದು ತಿಳಿಯದೆ ಅಳತೆ ಅರ್ಧ ಮಾಡಿ ಅಂತ ಕೊಟ್ಟೆ. ಚೂರುಗಳು ಒಂದೊಂದೂ ತಮ್ಮಷ್ಟಕ್ಕೆ ಕುಗ್ಗಿದವು. 'ಅ'ದ ಸುಳಿ ಒಂದು ಮೂಲೆಯಲ್ಲಿ, ಬಾಲ ಇನ್ನೊಂದು ಮೂಲೆಯಲ್ಲಿ, ನಡುವೆ ಏನೂ ಇಲ್ಲ. ನನ್ನ ಮಗಳು ನೋಡಿ "ಅಪ್ಪಾ, ಅ ಒಡೆದುಹೋಯ್ತು" ಅಂದಳು.

ಅದಕ್ಕೆ ಮದ್ದು ಕೋಅಲೆಸ್ ಎಂಬ ಆಯ್ಕೆ. ಮೊದಲು ಎಲ್ಲ ಫ್ರೇಮನ್ನೂ ಪೂರ್ತಿ ಚಿತ್ರ ಮಾಡಿಕೊಂಡು, ಆಮೇಲೆ ಅಳತೆ ಬದಲಿಸಿ, ಕೊನೆಗೆ ಮತ್ತೆ ಚೂರು ಮಾಡಿ ಗಾತ್ರ ಇಳಿಸುವ ಲೇಯರ್ಸ್ ಆಪ್ಟಿಮೈಜ್ ಕೊಡಬೇಕು. ಈ ವರಸೆ ತಪ್ಪಿದರೆ ಕೆಲಸ ಕೆಟ್ಟ ಹಾಗೆ.

ಕಬ್ಬಿನ ಗದ್ದೆ · 10:22

ಕೋಅಲೆಸ್ ಮಾಡೋಕ್ ಹೋಗಿ ನನ್ ಲ್ಯಾಪ್‌ಟಾಪು ಉಸಿರೇ ಬುಟ್ಟಿತ್ತು ಕಣಣ್ಣ. ತಂಗಿ ಮದ್ವೆ ಕರೆಯೋಲೆ, 1920ಕ್ಕೆ 1080, 400 ಫ್ರೇಮು. ಲೆಕ್ಕ ಆಮೇಲ್ ಹಾಕ್ದೆ: ಇಮೇಜ್‌ಮ್ಯಾಜಿಕ್‌ನ ಕ್ಯೂ16 (ಬಣ್ಣ 16 ಬಿಟ್‌ನಲ್ಲಿ ಇಡೋ) ಆವೃತ್ತೀಲಿ ಪಿಕ್ಸೆಲ್‌ಗೆ 8 ಬೈಟು, ಫ್ರೇಮಿಗೆ 16 ಎಂಬಿ ಮೇಲೆ, 400ಕ್ಕೆ ಆರೂವರೆ ಜಿಬಿ. ನನ್ ಲ್ಯಾಪ್‌ಟಾಪಲ್ಲಿ ಇದ್ದದ್ದು 4. ಮೌಸು ಅಲ್ಲಾಡ್ಲಿಲ್ಲ. ಕೊನೆಗೆ ಕರೆಂಟೇ ತೆಗ್ದೆ.

ಟರ್ಮಿನಲ್ ತಿಮ್ಮ · 10:24

ಅದಕ್ಕೇ ಹೇಳಿದ್ದು ಎಫ್‌ಎಫ್‌ಎಂಪೆಗ್ ಅಂತ. ಫ್ರೇಮ್ ಬಂದ ಹಾಗೆ ಕೆಲಸ ಮುಗಿಸಿ ಬಿಡುತ್ತಾ ಹೋಗುತ್ತೆ, ಎಲ್ಲವನ್ನೂ ತಲೆ ಮೇಲೆ ಹೊರಲ್ಲ.

ಗೋಳಿಬಜೆ · 10:26

ಎಲ್ಲ ಸಲ ಅಲ್ಲ. ಗಿಫ್ ಮಾಡುವಾಗ ಬಣ್ಣದ ಪಟ್ಟಿ ಮಾಡುವ ಪ್ಯಾಲೆಟ್‌ಜೆನ್, ಅದನ್ನು ಬಳಸುವ ಪ್ಯಾಲೆಟ್‌ಯೂಸ್ ಎರಡನ್ನೂ ಸ್ಪ್ಲಿಟ್ ಮಾಡಿ ಒಂದೇ ಕಮಾಂಡಿನಲ್ಲಿ ಕೊಟ್ರೆ, ಬಣ್ಣದ ಪಟ್ಟಿ ಮುಗಿಯುವ ತನಕ ಎಲ್ಲ ಫ್ರೇಮು ಒಳಗೇ ಕೂತಿರ್ತದೆ. ಉದ್ದದ ವಿಡಿಯೋ ಆದ್ರೆ ಎರಡು ಸುತ್ತಿನಲ್ಲಿ ಮಾಡುದು ಒಳ್ಳೇದು. ಮೊದಲು ಪಟ್ಟಿ ಒಂದು ಚಿತ್ರವಾಗಿ, ಆಮೇಲೆ ಗಿಫ್. ಪಟ್ಟಿಯೇ ಇಲ್ಲದೆ ಗಿಫ್ ಮಾಡಿದ್ರೆ ಮುಖದ ಮೇಲೆ ಎಲ್ಲ ರವೆ ಚೆಲ್ಲಿದ ಹಾಗೆ ಚುಕ್ಕಿ.

ಉಪ್ಪಿನಕಾಯಿ · 10:30

ಗಿಫ್ಫಾ ಜಿಫ್ಫಾ ಮೊದಲು ತೀರ್ಮಾನ ಆಗಲಿ.

ಮಂಜಿನ ಊರವ · 10:31

ಮಾಡಿದವರೇ ಜಿಫ್ ಅಂದಿದ್ದರು, ಯಾರೂ ಕೇಳಲಿಲ್ಲ. ಕನ್ನಡದಲ್ಲಿ ಬರೆದ ಹಾಗೆ ಓದುವುದು. ಇಲ್ಲಿ ಎಲ್ಲರೂ 'ಗಿ' ಬರೆದಾಗಿದೆ.

ನಿರ್ವಾಹಕ · 10:34

ಎಳೆ ಬಿಟ್ಟು ಹೋಗಬೇಡಿ. ಇನ್ನೊಂದು ವಿಷಯ: ಈ ವಿಭಾಗದಲ್ಲಿ ಕನ್ನಡ ಲಿಪಿ ಮಾತ್ರ ಎಂಬ ನಿಯಮ ಇದೆ, ಸರಿ. ಹಾಗಂತ ಕಮಾಂಡನ್ನು ಕನ್ನಡದಲ್ಲೇ ಕಾಪಿ ಮಾಡಿ ಟರ್ಮಿನಲ್‌ಗೆ ಅಂಟಿಸಿ "ಕೆಲಸ ಮಾಡ್ತಿಲ್ಲ" ಎಂದು ನನಗೆ ಖಾಸಗಿ ಸಂದೇಶ ಕಳಿಸಬೇಡಿ. ಈ ತಿಂಗಳಲ್ಲಿ ನೀವು ನಾಲ್ಕನೆಯವರು. ಯಾರೆಂದು ಹೇಳುವುದಿಲ್ಲ.

ಕಬ್ಬಿನ ಗದ್ದೆ · 10:35

ನಾನಲ್ಲ.

ಮಂಜಿನ ಊರವ · 10:52

ಟೀಚರ್ ಅವರ ಬಿಳಿ ಅಂಚಿನ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ನನ್ನ ಮಟ್ಟಿಗೆ ಇಲ್ಲಿ ಅದೇ ಮುಖ್ಯ.

ಗಿಫ್‌ನಲ್ಲಿ ಪಾರದರ್ಶಕತೆ ಅಂದರೆ ಹೌದು ಅಥವಾ ಅಲ್ಲ, ಎರಡೇ. ಒಂದು ಪಿಕ್ಸೆಲ್ ಪೂರ್ತಿ ಕಾಣಬೇಕು ಇಲ್ಲವೇ ಪೂರ್ತಿ ಮಾಯವಾಗಬೇಕು. ಕ್ರಿಟಾದ ಕುಂಚ ಬರೆದ ಗೆರೆಯ ಅಂಚಿನಲ್ಲಿ ಕಾಲು ಭಾಗ, ಅರ್ಧ ಭಾಗ ಕಾಣುವ ಪಿಕ್ಸೆಲ್‌ಗಳಿರುತ್ತವೆ. ಅದರಿಂದಲೇ ಗೆರೆ ನುಣುಪಾಗಿ ಕಾಣುವುದು. ನೀವು ಗಿಫ್ ಮಾಡಿದಾಗ ಆ ಅರೆಬರೆ ಪಿಕ್ಸೆಲ್‌ಗಳು ಬಿಳಿಯ ಜೊತೆ ಬೆರೆತು ತಿಳಿಗುಲಾಬಿಯಾಗಿ ಗಟ್ಟಿ ಕೂತುಬಿಟ್ಟಿವೆ ಅಂತ ಕಾಣುತ್ತದೆ. ಬಿಳಿ ಹಾಳೆಯ ಮೇಲೆ ಗೊತ್ತಾಗುವುದಿಲ್ಲ, ಹಸಿರಿನ ಮೇಲೆ ಸುಣ್ಣದ ಗೆರೆ.

ಈಗ ಆ ಗಿಫ್ಫನ್ನು ಯಾವ ಟೂಲಿಗೆ ಕೊಟ್ಟು ಯಾವ ಫಾರ್ಮ್ಯಾಟಿಗೆ ತಿರುಗಿಸಿದರೂ ಆ ಗುಲಾಬಿ ಪಿಕ್ಸೆಲ್ ಹೋಗುವುದಿಲ್ಲ. ಅರ್ಧ ಕಾಣುವ ಪಿಕ್ಸೆಲ್ ಇತ್ತು ಅನ್ನುವ ಮಾಹಿತಿಯೇ ಗಿಫ್ ಒಳಗಿಲ್ಲ. ವೆಬ್‌ಪಿಯಲ್ಲಿ ಒಂದು ಪಿಕ್ಸೆಲ್‌ಗೆ 256 ಹಂತದ ಪಾರದರ್ಶಕತೆ ಇದೆ, ನಿಜ. ತುಂಬಿಸಲು ಏನಾದರೂ ಇರಬೇಕಲ್ಲ? ಟೀಚರ್, ಕ್ರಿಟಾದ ಮೂಲ ಫೈಲ್‌ಗಳು ಇವೆಯೋ, ಅಳಿಸಿದಿರೋ?

ಬಳಪದ ಟೀಚರ್ · 11:03

ಇವೆ! ಮನೆಯ ಲ್ಯಾಪ್‌ಟಾಪಿನಲ್ಲಿ 49ಕ್ಕೆ 49 ಇವೆ. ಗಿಫ್ ಬಂದ ಮೇಲೆ ಅವು ಬೇಡ ಅಂದ್ಕೊಂಡಿದ್ದೆ.

ಮಂಜಿನ ಊರವ · 11:05

ಹಾಗಾದರೆ ಗಿಫ್‌ಗಳನ್ನು ಮರೆತುಬಿಡಿ. ಕ್ರಿಟಾದ ರೆಂಡರ್ ಅನಿಮೇಷನ್‌ಗೆ ಹೋಗಿ ಇಮೇಜ್ ಸೀಕ್ವೆನ್ಸ್ ಆಯ್ದು, ಪಿಎನ್‌ಜಿ ಫ್ರೇಮ್‌ಗಳಾಗಿ ತೆಗೆಯಿರಿ. ಅಕ್ಷರಕ್ಕೊಂದು ಫೋಲ್ಡರ್.

ಟರ್ಮಿನಲ್ ತಿಮ್ಮ · 11:09

ಇದನ್ನು ಒಪ್ತೀನಿ. ಗಿಫ್ 1987ರ ಫಾರ್ಮ್ಯಾಟ್, ಫ್ರೇಮಿಗೆ 256 ಬಣ್ಣ. ಅದರಿಂದ ತೆಗೆದು ಇನ್ನೊಂದಕ್ಕೆ ಹಾಕೋದು ಅಂದರೆ ಜೆರಾಕ್ಸ್‌ನ ಜೆರಾಕ್ಸ್.

ಗೋಳಿಬಜೆ · 11:12

ತಿಮ್ಮಣ್ಣ ಒಪ್ಪಿದ್ರು. ನಾಳೆ ಮಳೆ ಉಂಟು.

ಟೀಚರ್, ಪಿಎನ್‌ಜಿ ಫ್ರೇಮಿಂದ ವೆಬ್‌ಪಿ ಮಾಡ್ಲಿಕ್ಕೆ ಐಎಂಜಿ2ವೆಬ್‌ಪಿ. ಗಿಫ್2ವೆಬ್‌ಪಿಯ ಅಣ್ಣ, ಅದೇ ಕಟ್ಟಿನಲ್ಲಿ ಸಿಗ್ತದೆ. ಮೊದಲು ಮೈನಸ್ ಲೂಪ್ ಸೊನ್ನೆ. ಆಮೇಲೆ ಮೈನಸ್ ಡಿ 40, ಅಂದ್ರೆ ಪ್ರತಿ ಫ್ರೇಮಿಗೆ 40 ಮಿಲಿಸೆಕೆಂಡ್, ಅದೇ ನಿಮ್ಮ ಸೆಕೆಂಡಿಗೆ 25. ಆಮೇಲೆ ಫ್ರೇಮುಗಳ ಹೆಸರು. ಕೊನೆಯ ಫ್ರೇಮಿನ ಹೆಸರಿಗಿಂತ ಮೊದಲು ಮತ್ತೊಮ್ಮೆ ಮೈನಸ್ ಡಿ 1500 ಹಾಕಿ. ಪೂರ್ತಿ ಅಕ್ಷರ ಒಂದೂವರೆ ಸೆಕೆಂಡ್ ಹಾಗೇ ನಿಲ್ತದೆ, ಮಕ್ಕಳು ನೋಡ್ಲಿಕ್ಕೆ. ಕೊನೆಗೆ ಮೈನಸ್ ಓ, ವೆಬ್‌ಪಿ ಹೆಸರು. ಏನೂ ಹೇಳದಿದ್ರೆ ಇದೂ ಲಾಸ್‌ಲೆಸ್. ಡಿ ಹಾಕ್ಲಿಕ್ಕೆ ಮರೆತ್ರೆ ಮಾತ್ರ ಫ್ರೇಮಿಗೆ 100 ಮಿಲಿಸೆಕೆಂಡ್ ತಗೊಳ್ತದೆ, ಅಕ್ಷರ ತೂಕಡಿಸ್ತದೆ.

ಗಿರಮಿಟ್ · 11:20

ಸಮಯದ ಮಾತು ಬಂತಲ್ಲ, ನಂದೊಂದು ಕೇಳ್ರಿ. ನಾ ಒಮ್ಮೆ ಗಿಫ್ ಜೋರಾಗಿ ಓಡ್ಲಿ ಅಂತ ಫ್ರೇಮಿನ ವೇಳೆ 1ಕ್ಕ ಇಳಿಸಿದ್ಯಾ. ಗಿಫ್ಫಿನ್ಯಾಗ ವೇಳೆ ಅಳಿಯೂದು ಸೆಕೆಂಡಿನ ನೂರನೇ ಭಾಗದಾಗ. ಅಂದ್ರ ಸೆಕೆಂಡಿಗೆ 100 ಫ್ರೇಮ್ ಓಡಬೇಕಿತ್ತು. ಬ್ರೌಸರ್‌ನ್ಯಾಗ ತಗದ್ರ ಎತ್ತಿನ ಗಾಡಿ! ಯಾಕ ಅಂದ್ರ, 2ಕ್ಕಿಂತ ಕಡಿಮಿ ಇದ್ರ ಬ್ರೌಸರ್‌ಗೋಳು ಅದನ್ನ 10 ಅಂತ ಹಿಡೀತಾವ, ಸೆಕೆಂಡಿಗೆ ಹತ್ತ ಫ್ರೇಮ್. ಎರಡಕ್ಕ ತಂದ್ಯಾ, ಕುದುರಿ ಆತು. ಅರ್ಧ ದಿನ ಹೋಗಿತ್ತು ಅದಕ್ಕ.

ಇನ್ನೊಂದು, ಸೆಕೆಂಡಿಗೆ 30 ಫ್ರೇಮಿನ ವಿಡಿಯೋ ಗಿಫ್ಫಿಗೆ ಸರಿಯಾಗಿ ಕೂಡೂದ ಇಲ್ಲ. 100ನ್ನ 30ರಿಂದ ಭಾಗಿಸ್ರಿ ನೋಡೂಣು. 25 ಇಟ್ಟಾರಲ್ಲ ಟೀಚರ್, ಗೊತ್ತಿದ್ದೋ ಗೊತ್ತಿಲ್ಲದೋ, ಬರೋಬ್ಬರಿ 4ಕ್ಕ ಕೂಡತೈತಿ.

ಬಳಪದ ಟೀಚರ್ · 11:24

ಗೊತ್ತಿಲ್ಲದೇ. ಮೊದಲೇ 24 ಇತ್ತು. ಲೆಕ್ಕಕ್ಕೆ ಸುಲಭ ಅಂತ 25 ಮಾಡಿದ್ದೆ.

ಒತ್ತಕ್ಷರ · 11:40

ತಡವಾಗಿ ಬಂದೆ. ಎಪಿಎನ್‌ಜಿ ಅಂತ ಒಂದಿದೆ, ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ ಯಾಕೆ? ಫೈರ್‌ಫಾಕ್ಸ್‌ನಲ್ಲಿ 2008ರಿಂದ ಇದೆ, ಕ್ರೋಮ್‌ಗೆ 2017ರಲ್ಲಿ ಬಂತು. ಪಿಎನ್‌ಜಿ ಕಡೆಯವರು ಮೊದಲು ಸೇರಿಸಿಕೊಳ್ಳಲೇ ಇಲ್ಲ, ಕೊನೆಗೆ 2025ರ ಜೂನ್‌ನಲ್ಲಿ ಬಂದ ಪಿಎನ್‌ಜಿ ಮೂರನೇ ಆವೃತ್ತಿಯಲ್ಲಿ ಅದಕ್ಕೆ ಅಧಿಕೃತ ಜಾಗ ಸಿಕ್ಕಿತು. ಹದಿನೇಳು ವರ್ಷ ಬಾಡಿಗೆ ಮನೆಯಲ್ಲಿದ್ದ ಹಾಗೆ.

ಅನಿಮೇಷನ್ ಗೊತ್ತಿಲ್ಲದ ಹಳೆಯ ಆ್ಯಪ್ ಕೂಡ ಅದನ್ನು ಸಾದಾ ಪಿಎನ್‌ಜಿ ಅಂತ ತೆರೆದು ಮೊದಲ ಚಿತ್ರ ತೋರಿಸುತ್ತೆ. ವೆಬ್‌ಪಿಯಲ್ಲಿ ಆ ಸೌಕರ್ಯ ಇಲ್ಲ.

ಗೋಳಿಬಜೆ · 11:43

ಟೀಚರ್‌ರ ಮೊದಲ ಫ್ರೇಮಿನಲ್ಲಿ ಎಂತ ಉಂಟು? ಬರೆಯುವ ಮೊದಲು ಖಾಲಿ ಅಲ್ವಾ? ಹಳೆ ಆ್ಯಪಿನವರು ಖಾಲಿ ಹಾಳೆ ನೋಡಿಕೊಂಡು ಕೂರ್ಬೇಕು.

ಒತ್ತಕ್ಷರ · 11:46

ಕೆಣಕಿದಿರಿ, ಆದರೆ ಉತ್ತರ ಇದೆ. ಅನಿಮೇಷನ್‌ಗೆ ಸೇರದ ಒಂದು ಚಿತ್ರವನ್ನು ಮೊದಲಿಗೆ ಇಡಲು ಎಪಿಎನ್‌ಜಿಯಲ್ಲಿ ಅವಕಾಶವಿದೆ. ಅಲ್ಲಿ ಪೂರ್ತಿ ಬರೆದ 'ಅ' ಇಟ್ಟರೆ, ಹಳೆಯದರಲ್ಲಿ ನಿಂತ 'ಅ', ಹೊಸದರಲ್ಲಿ ಬರೆಯುವ 'ಅ'.

ಎಫ್‌ಎಫ್‌ಎಂಪೆಗ್‌ನಿಂದ ಮಾಡುವವರು ಫೈಲ್ ಹೆಸರಿನ ಕೊನೆಗೆ ಬರೀ ಪಿಎನ್‌ಜಿ ಅಂತ ಕೊಡಬೇಡಿ, ಬಿಡಿ ಚಿತ್ರ ಕೇಳಿದಿರಿ ಅಂದುಕೊಳ್ಳುತ್ತೆ. ಎಪಿಎನ್‌ಜಿ ಅಂತಲೇ ಕೊಡಿ, ಆಮೇಲೆ ಬೇಕಾದರೆ ಹೆಸರು ಬದಲಿಸಿಕೊಳ್ಳಿ.

ಉಪ್ಪಿನಕಾಯಿ · 11:50

49 ಅಂದ್ರೆ ೠ ಬಿಟ್ಟಿದೀರಾ ಟೀಚರ್?

ಬಳಪದ ಟೀಚರ್ · 11:52

ಸ್ವರ 13, ಯೋಗವಾಹ 2, ವ್ಯಂಜನ 34. ಪುಸ್ತಕದಲ್ಲಿ ಇರೋದು ಅಷ್ಟೇ.

ಉಪ್ಪಿನಕಾಯಿ · 11:53

ನಾವು ಕಲಿತಾಗ ೠ ಇತ್ತು. ಒಂದು ಪದದಲ್ಲೂ ಬಳಸಿಲ್ಲ, ಆದರೂ ಹೊಟ್ಟೆ ಉರಿಯುತ್ತೆ.

ಕಬ್ಬಿನ ಗದ್ದೆ · 11:55

ಟೀಚರ್, 'ಕ' ಬರೆಯೋವಾಗ ತಲೆಕಟ್ಟು ಮೊದ್ಲಾ ಕೊನೇಗಾ? ನಮ್ ಮೇಷ್ಟ್ರು ಕೊನೇಗೆ ಅಂತ ಕೈಗೆ ಬಾರ್ಸಿದ್ರು.

ಒತ್ತಕ್ಷರ · 11:56

ಮೊದಲು. ಮನೆಗೆ ಮಾಡು ಹಾಕಿದ ಮೇಲೆ ಒಳಗೆ ಹೋಗೋದು.

ಗಿರಮಿಟ್ · 11:57

ಗ್ವಾಡಿ ಕಟ್ಟದ ಮಾಡು ಎಲ್ಲಿ ಇಡ್ತೀರಿ?

ನಿರ್ವಾಹಕ · 11:59

ತಲೆಕಟ್ಟಿಗೆ ಬೇರೆ ಎಳೆ ತೆರೆಯಿರಿ.

ಬಳಪದ ಟೀಚರ್ · ಭಾನುವಾರ ಮಧ್ಯಾಹ್ನ 2:40

ಫ್ರೇಮ್ ತೆಗೆದೆ. ಐಎಂಜಿ2ವೆಬ್‌ಪಿಗೆ ನಕ್ಷತ್ರ ಚುಕ್ಕಿ ಪಿಎನ್‌ಜಿ ಅಂತ ಕೊಟ್ಟರೆ ಅಂಥ ಫೈಲೇ ಇಲ್ಲ ಅನ್ನುತ್ತೆ. ಫೋಲ್ಡರ್ ತುಂಬ ಇವೆ!

ಟರ್ಮಿನಲ್ ತಿಮ್ಮ · 2:48

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ನಕ್ಷತ್ರವನ್ನು ಬಿಡಿಸಿ ಕೊಡಲ್ಲ, ಹಾಗೇ ಟೂಲಿಗೆ ದಾಟಿಸುತ್ತೆ. ಲಿನಕ್ಸ್‌ನಲ್ಲಿ ಶೆಲ್ (ಕಮಾಂಡ್ ಓದೋ ಪ್ರೋಗ್ರಾಂ) ತಾನೇ ಬಿಡಿಸುತ್ತೆ, ಅದಕ್ಕೆ ನಮಗೆ ಈ ಕಷ್ಟ ಗೊತ್ತಾಗಲ್ಲ.

ಐಎಂಜಿ2ವೆಬ್‌ಪಿಗೆ ಒಂದೇ ಒಂದು ಫೈಲ್ ಹೆಸರು ಕೊಟ್ಟರೆ ಅದನ್ನು ಆಯ್ಕೆಗಳ ಪಟ್ಟಿ ಅಂತ ಓದುತ್ತೆ. ನೋಟ್‌ಪ್ಯಾಡ್‌ನಲ್ಲಿ ಲೂಪ್, ಡಿ, ಫ್ರೇಮ್ ಹೆಸರುಗಳು, ಕೊನೆಗೆ ಓ – ಎಲ್ಲ ಬರೆದು ಆ ಫೈಲನ್ನೇ ಕೊಡಿ. ಒಂದು ಅಕ್ಷರಕ್ಕೆ ಬರೆದರೆ ಉಳಿದ 48ಕ್ಕೆ ನಕಲು ಮಾಡಿ ಹೆಸರು ಬದಲಿಸಿದರಾಯ್ತು.

ಮಂಜಿನ ಊರವ · 2:55

ಸದ್ಯಕ್ಕೆ ಫೋಲ್ಡರ್, ಫೈಲ್ ಎರಡಕ್ಕೂ ಕನ್ನಡ ಹೆಸರು ಬೇಡ. ನಾನು 'ಳ', 'ಲ' ಅಂತ ಇಟ್ಟು ಕರಿ ಪರದೆಯಲ್ಲಿ ಬರೀ ಚೌಕ ನೋಡಿ ಕಣ್ಣು ಬಿಟ್ಟಿದ್ದೆ. 01ರಿಂದ 49 ಅಂತ ಕೊಡಿ. ಫ್ರೇಮ್ ಅಂಕಿಗಳ ಮುಂದಿನ ಸೊನ್ನೆಗಳನ್ನೂ ಉಳಿಸಿ. ಸೊನ್ನೆ ತೆಗೆದರೆ ಹೆಸರಿನ ಸಾಲಿನಲ್ಲಿ 1 ಆದ ಮೇಲೆ 10 ಬರುತ್ತದೆ, 2 ಆಮೇಲೆ. ಗೆರೆ ಮುಂದೆ ನೆಗೆದು ಹಿಂದೆ ಬರುತ್ತದೆ.

ಬಳಪದ ಟೀಚರ್ · ಸಂಜೆ 6:18

ಆಯ್ತು!! 'ಅ' ಹಸಿರಿನ ಮೇಲೆ ಚೊಕ್ಕವಾಗಿ ಬಂತು, ಸುಣ್ಣ ಇಲ್ಲ. ಹಳೇ ಗಿಫ್‌ನ ಅರ್ಧದಷ್ಟೂ ಇಲ್ಲ ಗಾತ್ರ. ಲಾಸ್‌ಲೆಸ್ ಅಂದರೆ ದೊಡ್ಡದಾಗಬೇಕಲ್ಲ?

ಗೋಳಿಬಜೆ · 6:25

ಫೋಟೋ ಆದ್ರೆ ದೊಡ್ಡದೇ. ನಿಮ್ಮದು ಒಂದೇ ಕೆಂಪು, ಉಳಿದದ್ದು ಖಾಲಿ. ಅಂಥ ಚಿತ್ರದಲ್ಲಿ ಎಷ್ಟೋ ಸಲ ಲಾಸಿಗಿಂತ ಲಾಸ್‌ಲೆಸ್ಸೇ ಸಣ್ಣ.

ಬಳಪದ ಟೀಚರ್ · 6:31

ಪೋಷಕರಿಗೆ ವಾಟ್ಸಾಪ್‌ನಲ್ಲಿ ಕಳಿಸೋಕೆ ಆಗುತ್ತಾ?

ಒತ್ತಕ್ಷರ · 6:39

ಗಿಫ್ ಕಳಿಸಿದರೆ ಅದು ಮೂಕ ವಿಡಿಯೋ ಆಗಿ ಹೋಗುತ್ತೆ. ಸ್ಟಿಕ್ಕರ್ ಆಗಬೇಕಾದರೆ ಅನಿಮೇಟೆಡ್ ವೆಬ್‌ಪಿ, 512ಕ್ಕೆ 512, 500 ಕೆಬಿ ಒಳಗೆ, 10 ಸೆಕೆಂಡ್ ಮೀರಬಾರದು. ನಿಮ್ಮ ಅಳತೆ ಆಗಲೇ ಸರಿ ಇದೆ. ಒಂದು ಕಟ್ಟಿನಲ್ಲಿ 3ರಿಂದ 30 ಸ್ಟಿಕ್ಕರ್ ಇರಬಹುದು, ಹಾಗಾಗಿ 49ಕ್ಕೆ ಎರಡು ಕಟ್ಟು. ಸ್ವರ, ಯೋಗವಾಹ ಒಂದರಲ್ಲಿ, ವ್ಯಂಜನ ಒಂದರಲ್ಲಿ.

ಉಪ್ಪಿನಕಾಯಿ · 6:41

ವ್ಯಂಜನ 34. 30ರ ಕಟ್ಟಿಗೆ ಹೆಂಗೆ ತುರುಕ್ತೀರಾ?

ಒತ್ತಕ್ಷರ · 6:42

...ವರ್ಗೀಯ 25 ಎರಡನೇದರಲ್ಲಿ. ಅವರ್ಗೀಯ 9 ಸ್ವರದ ಜೊತೆ. 24 ಆಯ್ತು. ಸರಿಯಾ?

ಉಪ್ಪಿನಕಾಯಿ · 6:42

ಈಗ ಸರಿ.

ಬಳಪದ ಟೀಚರ್ · ಬುಧವಾರ ಸಂಜೆ 4:50

49ಕ್ಕೆ 49 ಮುಗೀತು. ಇವತ್ತು ತರಗತಿಯಲ್ಲಿ ತೋರಿಸಿದೆ. ಮಕ್ಕಳು ಗಾಳಿಯಲ್ಲಿ ಬೆರಳು ಆಡಿಸಿಕೊಂಡು ಜೊತೆಗೇ ಬರೆದರು. ನಾನು ಹಾಜರಿ ಹಾಕೋವರೆಗೂ 'ಅ' ಪರದೆ ಮೇಲೆ ಸುತ್ತುತ್ತಾನೇ ಇತ್ತು. ಹಿಂದಿನ ಸಾಲಿನ ಹುಡುಗ ಕೇಳಿದ: "ಮಿಸ್, ಅದು ಅಷ್ಟೊತ್ತಿಂದ ಬರೀತಾ ಇದೆ, ಅದಕ್ಕೆ ಇನ್ನೂ ಬರಲ್ವಾ?"

ಮೂರು ಸಲ ಬರೆದು ನಿಲ್ಲೋ ಹಾಗೆ ಮಾಡಬೇಕು. ಮತ್ತೆ ಎಲ್ಲ ಮೊದಲಿಂದ ಮಾಡಬೇಕಾ?

ಗೋಳಿಬಜೆ · 5:02

ಬೇಡ. ವೆಬ್‌ಪಿಮಕ್ಸ್ ಅಂತ ಇನ್ನೊಂದು ಅದೇ ಕಟ್ಟಿನಲ್ಲಿ ಉಂಟು. ಮೈನಸ್ ಸೆಟ್, ಲೂಪ್, 3, ಫೈಲ್ ಹೆಸರು, ಮೈನಸ್ ಓ, ಹೊಸ ಹೆಸರು. ಚಿತ್ರ ಮುಟ್ಟುದಿಲ್ಲ, ಲೂಪಿನ ಅಂಕಿ ಮಾತ್ರ ಬದಲಿಸ್ತದೆ. ಒಂದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು.

ಟರ್ಮಿನಲ್ ತಿಮ್ಮ · 5:04

49ಕ್ಕೂ ಸೇರಿಸಿ ಫಾರ್ ಲೂಪ್ (ಒಂದೇ ಕಮಾಂಡನ್ನು ಎಲ್ಲ ಫೈಲಿಗೂ ಓಡಿಸೋದು) ಬರೆದು ಕೊಡ್ತೀನಿ ಮೇಡಂ. ಕಮಾಂಡ್ ಬರೆದಿಡೋ ಬ್ಯಾಟ್ ಫೈಲ್‌ನಲ್ಲಿ ಪರ್ಸೆಂಟ್ ಚಿಹ್ನೆ ಎರಡೆರಡು ಹಾಕಬೇಕು, ಪ್ರಾಂಪ್ಟ್‌ನಲ್ಲಿ ನೇರ ಹೊಡೆದರೆ ಒಂದೇ. ಅದು ಮರೆತರೆ ಮತ್ತೆ ಇಲ್ಲೇ ಬರ್ತೀರಿ.

ಕಬ್ಬಿನ ಗದ್ದೆ · 5:10

ಆ ಹುಡ್ಗಂಗೆ ತಲೆಕಟ್ಟು ಮೊದ್ಲಾ ಕೊನೇಗಾ ಅಂತ ಕೇಳಿ ಟೀಚರ್.